ಕುರ್ಡಿಯ ಬಟ್ಟಲು, ಕೂನೂರಿನ ಹರಾಜು

2024ನೆಯ ಇಸವಿಯಲ್ಲಿ ಭಾರತದ ದೊಡ್ಡ ತೋಟಗಳಿಂದಲೂ ಸಣ್ಣ ಹಿಡುವಳಿಗಳಿಂದಲೂ ಸಿದ್ಧವಾಗಿ ಬಂದ ಚಹಾ ಸುಮಾರು 128 ಕೋಟಿ ಕಿಲೋ. ಅದರಲ್ಲಿ ದೇಶದ ಎಲ್ಲೆಯನ್ನು ದಾಟಿ ಅನ್ಯದೇಶಗಳ ಪೇಟೆಯನ್ನು ಸೇರಿದ್ದು ಸುಮಾರು 25 ಕೋಟಿ ಕಿಲೋ. ಕೀನ್ಯಾ ದೇಶವೂ ಸಿಂಹಳವೂ ತಾವು ಬೆಳೆದುದರಲ್ಲಿ ಬಹುಪಾಲನ್ನು ಹೊರಗೆ ಕಳುಹಿಸಿ ಸ್ವಲ್ಪವನ್ನು ಮಾತ್ರ ತಮಗಾಗಿ ಉಳಿಸಿಕೊಳ್ಳುವುವು. ನಾವಾದರೋ ಐದು ಪಾಲಿನಲ್ಲಿ ನಾಲ್ಕನ್ನು ಕುಡಿದು ಒಂದನ್ನು ಮಾರುವ ಜನ. ಆದುದರಿಂದ ನಮ್ಮ ದೇಶದ ಅಂತರರಾಷ್ಟ್ರೀಯ ಚಹಾ ವಾಣಿಜ್ಯವನ್ನು ಕುರಿತು ಬರೆಯಹೊರಟವನು ಲಂಡನ್ನಿನಿಂದಲೋ ಕಲಕತ್ತೆಯಿಂದಲೋ ಆರಂಭಿಸದೆ, ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಕುರ್ಡಿಯಂತಹ ಊರಿನ ಚಹಾದಂಗಡಿಯಿಂದ ಆರಂಭಿಸಿದರೆ ಅದನ್ನು ಕೇವಲ ಊರಿನ ಮೇಲಣ ಅಭಿಮಾನವೆಂದು ಯಾರೂ ತಿಳಿಯಬಾರದು. ಲೆಕ್ಕವೇ ಹಾಗೆ ಹೇಳುತ್ತದೆ.

ಇಲ್ಲಿಯ ಅಂಗಡಿಗಳು ಬೆಳಕು ಹರಿಯುವುದಕ್ಕೆ ಮುಂಚೆಯೇ ಎದ್ದಿರುತ್ತವೆ. ಹತ್ತಿ ಬಿಡಿಸಲು ಹೋಗುವ ಕೂಲಿಯವರು, ಭತ್ತದ ನಾಟಿಗೆ ಹೊರಟ ಹೆಣ್ಣುಮಕ್ಕಳು, ರಾಯಚೂರಿನ ಮೊದಲ ಬಸ್ಸಿಗಾಗಿ ಕಾದು ನಿಂತವರು, ಎಲ್ಲರಿಗೂ ಮೊದಲ ಗುಟುಕು ಇಲ್ಲಿಯೇ. ಪಾತೇಲಿಯಲ್ಲಿ ನೀರು ಮರಳತೊಡಗಿದಾಗ ಸಕ್ಕರೆ ಬೀಳುತ್ತದೆ. ತರುವಾಯ ತಗಡಿನ ಡಬ್ಬಿಯಿಂದ ಅಳತೆಯಿಲ್ಲದೆ, ಆದರೆ ಎಂದೂ ತಪ್ಪದ ಕೈಲೆಕ್ಕದಿಂದ ಚಹಾಪುಡಿ ಬೀಳುತ್ತದೆ. ಒಂದು ಉಕ್ಕು ಬಂದು, ನೊರೆಯ ಅಂಚು ಕೆಂಪಿನಿಂದ ಕಂದಿಗೆ ತಿರುಗಿದ ಮೇಲೆ ಹಾಲನ್ನು ಸುರಿದು, ಮತ್ತೆರಡು ಸಲ ಉಕ್ಕಿಸಿ ಇಳಿಸಿ, ಅರಿವೆಯಲ್ಲಿ ಸೋಸಿ, ಸೋಸಿದ ಅರಿವೆಯನ್ನು ಇಕ್ಕಳದಿಂದ ಒತ್ತಿ ಹಿಂಡುವರು. ಹಾಗೆ ಹಿಂಡಿದಾಗ ಇಳಿಯುವ ಕೊನೆಯ ನಾಲ್ಕಾರು ಹನಿಗಳ ಬಣ್ಣ ಬೇರೆ, ಒಗರು ಬೇರೆ. ‘ಅಣ್ಣಾ, ನಂದು ಕಡಕ್’ ಎಂದು ಮೊದಲೇ ಹೇಳಿಟ್ಟವನ ಗಿಲಾಸಿಗೆ ಅವು ಸೇರುತ್ತವೆ. ಮಂಡಾಳ ಒಗ್ಗರಣೆ ಮತ್ತು ಮಿರ್ಚಿಯ ಖಾರ ಬಾಯಲ್ಲಿ ಇನ್ನೂ ಉರಿಯುತ್ತಿರುವಾಗ ಈ ಚಹಾ ನಾಲಗೆಯ ಎರಡು ಅಂಚುಗಳನ್ನೂ ಹಿಡಿದುಕೊಂಡು, ಹಾಲಿನ ಸ್ನಿಗ್ಧತೆಯಿಂದ ಮೆಲ್ಲನೆ ಬಿಡುವ ರೀತಿಯನ್ನು ಅನುಭವಿಸಿದವನು ಇದನ್ನು ಕೀಳು ಪಾನೀಯವೆಂದು ಕರೆಯಲಾರನು. ಮೇಲ್ತರಗತಿಯ ಎಲೆಚಹಾಗಳನ್ನು ಬಲ್ಲ ರಸಿಕರು ಹಲವರು ಇದನ್ನು ಹಾಗೆಯೇ ಕರೆಯುತ್ತಾರೆಂಬುದು ನನಗೆ ತಿಳಿಯದ ವಿಷಯವಲ್ಲ. ಅವರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ.

ಈ ಪುಡಿಯನ್ನು ವ್ಯಾಪಾರಸ್ಥರು ‘ಡಸ್ಟ್’ ಎನ್ನುವರು. ಆ ಹೆಸರನ್ನು ಕೇಳಿ, ಕಾರ್ಖಾನೆಯ ನೆಲವನ್ನು ಗುಡಿಸಿ ತಂದದ್ದನ್ನು ನಮಗೆ ಮಾರುತ್ತಿದ್ದಾರೆಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಉಂಟು. ವಾಸ್ತವ ಹಾಗಿಲ್ಲ. ಕೊಯ್ದ ಸೊಪ್ಪನ್ನು ಬಾಡಿಸಿ, ಹಲ್ಲುಗಳುಳ್ಳ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುವ ಯಂತ್ರದ ನಡುವೆ ಹಾಯಿಸಿದರೆ ಅದು ಜಜ್ಜಿ, ಹರಿದು, ಸುರುಳಿಗೊಂಡು ಸಣ್ಣ ಕಾಳಾಗುತ್ತದೆ. ಅದು ಗಾಳಿಯ ಸಂಪರ್ಕದಿಂದ ಕೆಂಪಾದ ಮೇಲೆ ಒಣಗಿಸಿ ಜರಡಿ ಹಿಡಿಯುವರು. ಜರಡಿಯ ಕಣ್ಣಿನ ಗಾತ್ರದಂತೆ ದಪ್ಪ ಕಾಳು ಒಂದು ದರ್ಜೆ, ನಡುವಣದು ಒಂದು ದರ್ಜೆ, ಅತ್ಯಂತ ಸೂಕ್ಷ್ಮವಾದುದು ಡಸ್ಟ್. ಅದೇ ಸೊಪ್ಪು, ಅದೇ ದಿನದ ಕೊಯ್ಲು. ಕಣ ಚಿಕ್ಕದಾದಷ್ಟೂ ನೀರಿಗೆ ತನ್ನ ಸತ್ವವನ್ನು ಬೇಗ ಬಿಟ್ಟುಕೊಡುವುದರಿಂದ ಒಂದು ಕಿಲೋ ಡಸ್ಟಿನಿಂದ ಸಿದ್ಧವಾಗುವ ಗಿಲಾಸುಗಳ ಸಂಖ್ಯೆ ಹೆಚ್ಚು. ಸಿ.ಟಿ.ಸಿ. ಎಂದು ಪ್ರಸಿದ್ಧವಾದ ಈ ಯಂತ್ರವನ್ನು 1930ರ ಸುಮಾರಿಗೆ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತನು ರೂಪಿಸಿದನು. ಇಂದು ಭಾರತದ ಚಹಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದರ ಹಲ್ಲುಗಳ ನಡುವೆಯೇ ಹಾಯ್ದು ಬರುತ್ತದೆ. ದಕ್ಷಿಣದವರು ಡಸ್ಟನ್ನು ಬಯಸುವುದರಿಂದ ಕೊಚ್ಚಿಯ ಹರಾಜಿನಲ್ಲಿ ಡಸ್ಟಿಗೆ ಪ್ರತ್ಯೇಕವಾದ, ದೊಡ್ಡದಾದ ಮಾರಾಟವೇ ನಡೆಯುತ್ತದೆ.

ನಾವು ಚಹಾ ಕುಡಿಯುವವರಾದ ಬಗೆಯನ್ನು ನೆನೆದರೆ ಈ ವಾಣಿಜ್ಯದ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಚೀನದೊಡನೆ ಚಹಾ ವ್ಯಾಪಾರ ಮಾಡುವ ಏಕಸ್ವಾಮ್ಯವನ್ನು ಈಸ್ಟ್ ಇಂಡಿಯಾ ಕಂಪನಿ 1833ರಲ್ಲಿ ಕಳೆದುಕೊಂಡಿತು. ಮರುವರ್ಷವೇ ಗವರ್ನರ್ ಜನರಲ್ ಬೆಂಟಿಂಕನು ಭಾರತದಲ್ಲಿ ಚಹಾ ಬೆಳೆಯುವ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದನು. ಸಿಂಗ್‌ಫೋ ಜನಾಂಗದವರು ಅದಕ್ಕೂ ಮುನ್ನವೇ ಬಲ್ಲವರಾಗಿದ್ದ ಅಸ್ಸಾಮಿನ ಕಾಡುಗಿಡದ ಎಲೆಯಿಂದ ಮಾಡಿದ ಎಂಟು ಪೆಟ್ಟಿಗೆ ಚಹಾ 1839ರ ಜನವರಿ 10ರಂದು ಲಂಡನ್ನಿನಲ್ಲಿ ಹರಾಜಾಯಿತು. ಕಲಕತ್ತೆಯಲ್ಲಿ ಹರಾಜು ಆರಂಭವಾದುದು 1861ರಲ್ಲಿ. ಬ್ರಿಟನ್ನು ಚೀನದಿಂದ ತರಿಸಿಕೊಂಡುದಕ್ಕಿಂತ ಹೆಚ್ಚು ಚಹಾವನ್ನು ಭಾರತದಿಂದ ತರಿಸಿಕೊಂಡುದು 1888ರಲ್ಲಿ ಮೊತ್ತಮೊದಲು. ಇಷ್ಟೆಲ್ಲ ಆಗುವ ತನಕ ಬೆಳೆದ ದೇಶದವರ ಬಾಯಿಗೆ ಈ ಪಾನೀಯ ಬಿದ್ದದ್ದು ಅತ್ಯಲ್ಪ. 1903ರಲ್ಲಿ ರಫ್ತಾಗುವ ಚಹಾದ ಮೇಲೆ ಸುಂಕವೊಂದನ್ನು ವಿಧಿಸಿ, ಅದರಿಂದ ಬಂದ ಹಣವನ್ನು ಚಹಾದ ಪ್ರಚಾರಕ್ಕೆ ವಿನಿಯೋಗಿಸುವ ಕಾನೂನು ಬಂದಿತು. ಆದರೂ ನಮ್ಮ ಕಡೆಗೆ ವರ್ತಕರ ದೃಷ್ಟಿ ಸಂಪೂರ್ಣವಾಗಿ ಹೊರಳಿದ್ದು ಜಗತ್ತಿನ ಪೇಟೆಗಳೆಲ್ಲ ಕುಸಿದುಬಿದ್ದ 1930ರ ದಶಕದಲ್ಲಿಯೇ. 1933ರಲ್ಲಿ ಭಾರತ, ಸಿಂಹಳ, ಡಚ್ಚರ ಜಾವಾ ಸುಮಾತ್ರಾ ದ್ವೀಪಗಳು ಮೂರೂ ಕೂಡಿ ರಫ್ತಿಗೆ ಮಿತಿಯನ್ನು ಹಾಕಿಕೊಂಡವು. ಮಿತಿಯನ್ನು ಮೀರಿ ಉಳಿದದ್ದನ್ನು ಕುಡಿಯುವವರು ಬೇಕಾದರು. ಆಗ ರೈಲ್ವೆ ನಿಲ್ದಾಣಗಳಲ್ಲಿ ಚಹಾ ಮಾಡುವ ವಿಧಾನವನ್ನು ಚಿತ್ರಸಹಿತವಾಗಿ ತಿಳಿಸುವ ಎನಾಮೆಲ್ ಫಲಕಗಳು ತೂಗಿದವು. ಪೇಟೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಬಿಟ್ಟಿಯಾಗಿ ಬಟ್ಟಲು ತುಂಬಿಕೊಡುವ ಪ್ರಚಾರಕರು ಸಂಚರಿಸಿದರು. ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ 1871ರಲ್ಲಿ ಬಂದು ಕೂಡಿದ ಸ್ಥಳ ರಾಯಚೂರು; ನಿಜಾಮರ ಆಳ್ವಿಕೆಗೆ ಸೇರಿದ್ದ, ಎರಡು ನದಿಗಳ ನಡುವಣ ಈ ದೋಆಬದ ಸೀಮೆಗೆ ಹೊಸ ರೂಢಿಗಳೆಲ್ಲ ಆ ಹಳಿಗಳ ಗುಂಟವೇ ಬಂದವು.

ಹೀಗೆ ನಮ್ಮ ಬಟ್ಟಲಿಗೆ ಬಿದ್ದುದು ಮೊದಲು ಪರದೇಶದ ವ್ಯಾಪಾರದಲ್ಲಿ ಮಿಕ್ಕದ್ದು. ಇಂದು ಆ ಸಂಬಂಧ ತಲೆಕೆಳಗಾಗಿದೆ. ಒಳನಾಡಿನಲ್ಲಿ ಚಹಾ ಕುಡಿಯುವವರಿಂದಲೇ ತೋಟಗಳು ಉಳಿದಿವೆ. ಆದರೆ ಬೆಲೆಯನ್ನು ಕಟ್ಟುವ ಅಧಿಕಾರ ಮಾತ್ರ ಬಹುಕಾಲ ಬೆಳೆಗಾರನಿಂದ ದೂರವೇ ಇತ್ತು, ಈಗಲೂ ಅದು ಅವನ ಸಮೀಪಕ್ಕೆ ಬಂದಿಲ್ಲ. ಲಂಡನ್ನಿನ ಹರಾಜು 1679ರಲ್ಲಿ ಆರಂಭವಾಗಿ, ಮಿನ್ಸಿಂಗ್ ಲೇನ್ ಎಂಬ ಬೀದಿಯ ಹೆಸರಿನಿಂದಲೇ ಜಗತ್ಪ್ರಸಿದ್ಧವಾಗಿ, 1998ರ ಜೂನ್ 29ರಂದು ಮುಗಿಯಿತು. ಅಲ್ಲಿ ರುಚಿ ನೋಡುವವರು ಆರು ಪೆನ್ನಿಯ ಒಂದು ನಾಣ್ಯದ ತೂಕದಷ್ಟು ಚಹಾವನ್ನು ತೂಗಿ, ಮುಚ್ಚಳವಿದ್ದ ಪಿಂಗಾಣಿ ಬಟ್ಟಲಿನಲ್ಲಿ ಐದಾರು ನಿಮಿಷ ನೆನೆಯಿಟ್ಟು, ಚಮಚದಿಂದ ಸದ್ದಾಗುವಂತೆ ಹೀರಿ, ಬಾಯಲ್ಲಿ ಹೊರಳಿಸಿ ಉಗುಳಿ ಮುಂದಿನದಕ್ಕೆ ಹೋಗುತ್ತಿದ್ದರು. ಇಂದಿಗೂ ಕೊಚ್ಚಿ, ಕೂನೂರು, ಗುವಾಹಾಟಿಗಳ ದಲ್ಲಾಳಿ ಸಂಸ್ಥೆಗಳಲ್ಲಿ ಪದ್ಧತಿ ಇದಕ್ಕಿಂತ ಬಹಳ ಭಿನ್ನವಲ್ಲ. ಒಬ್ಬ ಮನುಷ್ಯನ ನಾಲಗೆಯ ಮೇಲೆ ಕೆಲವೇ ಕ್ಷಣ ನಿಂತ ದ್ರವದಿಂದ ಒಂದು ಬೆಟ್ಟದ ಒಂದು ವಾರದ ದುಡಿಮೆಯ ಬೆಲೆ ನಿಶ್ಚಯವಾಗುತ್ತದೆ. ಆ ವಿದ್ಯೆಯ ಬಗೆಗೆ ನನಗೆ ಅಪಾರ ಗೌರವವಿದೆ, ಆದರೆ ಆ ಬೆಲೆಯನ್ನು ಕಟ್ಟುವ ವೇಳೆಯಲ್ಲಿ ಬೆಳೆದವನು ಅಲ್ಲಿರುವುದಿಲ್ಲವೆಂಬುದನ್ನು ಮರೆಯಲಾರೆ.

ಕನ್ನಡಿಗರಿಗೆ ಈ ಮಾತು ಅತಿ ಸಮೀಪದಿಂದ ತಿಳಿಯುವುದು ನೀಲಗಿರಿಯಲ್ಲಿ. ಕರ್ನಾಟಕದ ಒಳಗಣ ಚಹಾ ತೋಟಗಳು ಕೆಲವೇ, ಚಿಕ್ಕಮಗಳೂರಿನ ಕೆಳಗೂರಿನಲ್ಲಿಯೂ ಕೊಡಗಿನಲ್ಲಿಯೂ ಇರುವಂಥವು. ಕಾಫಿಯ ನಡುವೆ ಅವು ಅಲ್ಪಸಂಖ್ಯೆಯವು. ನಮ್ಮ ಗಡಿಗೆ ಅಂಟಿಕೊಂಡೇ ಎದ್ದಿರುವ ನೀಲಗಿರಿಯಲ್ಲಾದರೋ, ಕನ್ನಡಕ್ಕೆ ಅತಿ ಸಮೀಪವಾದ ನುಡಿಯನ್ನಾಡುವ, ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟವನ್ನೇರಿದರೆಂದು ಹೇಳಿಕೊಳ್ಳುವ ಬಡಗರು ಸಹಸ್ರಾರು ಸಂಖ್ಯೆಯಲ್ಲಿ ಸಣ್ಣ ಚಹಾ ಬೆಳೆಗಾರರು. ಹಿಂದೆ ಸಾಮೆಯನ್ನೂ ಆಮೇಲೆ ಆಲೂಗಡ್ಡೆಯನ್ನೂ ಬೆಳೆದ ಇಳಿಜಾರುಗಳಲ್ಲಿ ಅವರು ಚಹಾ ಗಿಡವನ್ನು ಹಾಕಿದರು. 1962ರಲ್ಲಿ ಕುಂದಾದಲ್ಲಿ ಬೆಳೆಗಾರರ ಸಹಕಾರಿ ಕಾರ್ಖಾನೆ ಆರಂಭವಾಯಿತು. 1965ರಲ್ಲಿ ಇಂತಹ ಸಹಕಾರಿ ಕಾರ್ಖಾನೆಗಳ ಒಕ್ಕೂಟವಾದ ‘ಇಂಡ್‌ಕೋಸರ್ವ್’ ಹುಟ್ಟಿತು. 1963ರಲ್ಲಿ ಕೂನೂರಿಗೆ ತನ್ನದೇ ಹರಾಜು ಕೇಂದ್ರ ದೊರೆಯಿತು. ಆದರೆ ಚಹಾದ ಸೊಪ್ಪಿನ ಸ್ವಭಾವವೊಂದನ್ನು ಯಾವ ಒಕ್ಕೂಟವೂ ಬದಲಿಸಲಾರದು. ಬೆಳಿಗ್ಗೆ ಕೊಯ್ದ ಎರಡೆಲೆ ಒಂದು ಕುಡಿ ಸಂಜೆಯೊಳಗೆ ಕಾರ್ಖಾನೆಯನ್ನು ಸೇರಲೇಬೇಕು. ಸೇರದಿದ್ದರೆ ಚೀಲದಲ್ಲಿಯೇ ಬೆಂದು ಕೆಂಪಾಗಿ ಕೆಡುವುದು. ಒಂದು ಕಿಲೋ ಚಹಾ ಆಗಲು ನಾಲ್ಕೂವರೆ ಐದು ಕಿಲೋ ಹಸಿ ಸೊಪ್ಪು ಬೇಕು. ನಮ್ಮ ಮಾನ್ವಿಯ ರೈತನು ಬೆಲೆ ಸಾಲದೆಂದು ಭತ್ತವನ್ನು ಚೀಲ ಕಟ್ಟಿ ಮನೆಯಲ್ಲಿ ಇರಿಸಿಕೊಂಡು ಯುಗಾದಿಯ ತನಕ ಕಾಯಬಲ್ಲನು. ಬಡಗ ರೈತನಿಗೆ ಮಾರನೆಯ ಬೆಳಗಿನ ತನಕ ಕಾಯುವ ಅವಕಾಶವೂ ಇಲ್ಲ. ಕೊಟ್ಟ ಬೆಲೆಗೆ ಸುರಿದು ಬರಬೇಕು.

ಇಂತಹವನ ಸೊಪ್ಪಿನ ಬೆಲೆ ಮಾಸ್ಕೋದ ಸ್ಥಿತಿಗತಿಯನ್ನು ಅವಲಂಬಿಸಿತ್ತೆಂದರೆ ಓದುಗರು ಆಶ್ಚರ್ಯಪಡಬಹುದು. 1980ರ ದಶಕದ ಉತ್ತರಾರ್ಧದಲ್ಲಿ ಭಾರತದ ಚಹಾ ರಫ್ತಿನ ಅರ್ಧಕ್ಕೂ ಮಿಕ್ಕಿದ ಭಾಗವನ್ನು ಸೋವಿಯತ್ ಒಕ್ಕೂಟವೊಂದೇ ಕೊಳ್ಳುತ್ತಿತ್ತು, ಅದೂ ಡಾಲರಿನ ಗೊಡವೆಯಿಲ್ಲದೆ, ಎರಡು ಸರ್ಕಾರಗಳ ನಡುವಣ ರೂಪಾಯಿ ಲೆಕ್ಕದಲ್ಲಿ. ಇಷ್ಟು ದೊಡ್ಡ ಗಿರಾಕಿ, ಬೆಲೆಯನ್ನು ಬಹಳ ಕೆಣಕದೆ ಕೊಳ್ಳುವ ಗಿರಾಕಿ, ಬೆಳೆಗಾರನಿಗೆ ವರವೂ ಹೌದು, ಅಪಾಯವೂ ಹೌದು. ತೂಕಕ್ಕೆ ಬೇಡಿಕೆಯಿದ್ದಾಗ ಕುಡಿ ಯಾವುದು, ಬಲಿತ ಎಲೆ ಯಾವುದು ಎಂದು ಆರಿಸಿ ಕೊಯ್ಯುವ ಶ್ರಮವನ್ನು ಯಾರು ತಾನೇ ಪಟ್ಟಾರು? 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರೂಪಾಯಿ ಲೆಕ್ಕ ಮುಗಿಯಿತು. ಖಾಸಗಿ ವರ್ತಕರ ಮೂಲಕ ಕೆಲವು ಕಾಲ ನಡೆದ ರಷ್ಯದ ಖರೀದಿಯೂ ಆ ದಶಕದ ಕೊನೆಯಲ್ಲಿ ಅಲ್ಲಿಯ ಹಣ ಕುಸಿದಾಗ ತಗ್ಗಿತು. ನೀಲಗಿರಿಯಲ್ಲಿ ಹಸಿ ಸೊಪ್ಪಿನ ಬೆಲೆ ಕೊಯ್ಲಿನ ಕೂಲಿಗೂ ಸಾಲದಂತಾಯಿತು. ಬೆಳೆಗಾರರು ಬೀದಿಗೆ ಇಳಿದರು. ಯಾವ ರೈತನೂ ಮಾಸ್ಕೋವನ್ನು ಕಂಡಿರಲಿಲ್ಲ. ಮಾಸ್ಕೋದಲ್ಲಿ ಆ ಚಹಾವನ್ನು ಕುಡಿದವನಿಗೂ ನೀಲಗಿರಿಯೆಂಬ ಹೆಸರು ತಿಳಿದಿರಲಿಲ್ಲ, ಏಕೆಂದರೆ ಅದು ಅನ್ಯ ಚಹಾಗಳೊಡನೆ ಬೆರೆತು ಹೆಸರಿಲ್ಲದ ಮಿಶ್ರಣವಾಗಿ ಅವನ ಮನೆಯನ್ನು ಸೇರಿತ್ತು.

ನಮ್ಮ ಚಹಾ ವಾಣಿಜ್ಯದ ನಿಜವಾದ ದೌರ್ಬಲ್ಯ ಇಲ್ಲಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಸಿಂಹಳದವರು ನಮಗಿಂತ ಎಷ್ಟೋ ಕಡಿಮೆ ಬೆಳೆದರೂ, ತಮ್ಮ ದ್ವೀಪದಲ್ಲಿಯೇ ಪೊಟ್ಟಣ ಕಟ್ಟಿದ ಶುದ್ಧ ಸಿಂಹಳ ಚಹಾದ ಮೇಲೆ ಮಾತ್ರ ಖಡ್ಗ ಹಿಡಿದ ಸಿಂಹದ ಮುದ್ರೆಯನ್ನು ಹಾಕಗೊಡುವರು; ಕೊಳ್ಳುವವನಿಗೆ ತಾನು ಯಾವ ನೆಲದ ಎಲೆಯನ್ನು ಕುಡಿಯುತ್ತಿದ್ದೇನೆಂಬ ಅರಿವಿರುತ್ತದೆ. ನಾವು ಬಹುಪಾಲು ಗೋಣಿಯ ಲೆಕ್ಕದಲ್ಲಿ ಮಾರುತ್ತೇವೆ. ದಾರ್ಜಿಲಿಂಗಿಗಾದರೋ ಈ ದೇಶದ ಮೊತ್ತಮೊದಲ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ನೀಲಗಿರಿಯ ಆರ್ಥೊಡಾಕ್ಸ್ ಚಹಾಕ್ಕೂ 2008ರಲ್ಲಿ ಸಿಕ್ಕಿತು. ಎಲೆಯನ್ನು ಹರಿಯದೆ ಹೊಸೆದು ಮಾಡುವ ಆ ಆರ್ಥೊಡಾಕ್ಸ್ ವಿಧಾನದಲ್ಲಿ ತಯಾರಾದ ನೀಲಗಿರಿ ಚಹಾವೊಂದು 2006ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ಹರಾಜಿನಲ್ಲಿ ಕಿಲೋ ಒಂದಕ್ಕೆ 600 ಡಾಲರಿಗೆ ಹೋಯಿತು. ಅದೇ ಬೆಟ್ಟ, ಅದೇ ಮಂಜು. ಹೆಸರಿನೊಡನೆ ಹೋದಾಗಿನ ಗೌರವವೇ ಬೇರೆ.

ಗುಣವಿದ್ದರೂ ಗಿರಾಕಿ ಕೈತಪ್ಪಬಹುದೆಂಬುದಕ್ಕೆ ಇರಾನಿನ ಉದಾಹರಣೆಯನ್ನೂ ಹೇಳಬೇಕು. ಹೈದರಾಬಾದಿನ ಇರಾನಿ ಹೋಟೆಲುಗಳನ್ನು ಬಲ್ಲ ನಮ್ಮ ಸೀಮೆಯವರಿಗೆ ಆ ದೇಶದವರ ಚಹಾ ಪ್ರೀತಿ ಹೊಸದಲ್ಲ. ಅಸ್ಸಾಮಿನ ಉತ್ತಮ ಆರ್ಥೊಡಾಕ್ಸ್ ಚಹಾಕ್ಕೆ ಅವರು ಬಹುದೊಡ್ಡ ಗಿರಾಕಿಗಳಾಗಿದ್ದರು. ಅವರ ಮೇಲೆ ಅಮೆರಿಕದ ನಿರ್ಬಂಧಗಳಿದ್ದುದರಿಂದ, ನಾವು ಅವರಿಂದ ಕೊಂಡ ತೈಲದ ಹಣವನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇರಿಸಿ, ಆ ಹಣದಿಂದಲೇ ಅವರು ನಮ್ಮ ಚಹಾವನ್ನೂ ಅಕ್ಕಿಯನ್ನೂ ಕೊಳ್ಳುವ ಏರ್ಪಾಡು ನಡೆದಿತ್ತು. 2019ರಲ್ಲಿ ನಾವು ಅವರ ತೈಲವನ್ನು ಕೊಳ್ಳುವುದನ್ನು ನಿಲ್ಲಿಸಿದೆವು. ಬ್ಯಾಂಕಿನಲ್ಲಿದ್ದ ರೂಪಾಯಿ ಕರಗುತ್ತ ಬಂದಂತೆ ಚಹಾದ ರಫ್ತೂ ಕರಗಿತು. ಚಹಾದ ಗುಣದಲ್ಲಿ ಏನೂ ಕೊರತೆಯಾಗಿರಲಿಲ್ಲ. ಸಿಂಹಳದವರು ತಾವು ಇರಾನಿಗೆ ಕೊಡಬೇಕಾಗಿದ್ದ ತೈಲದ ಸಾಲವನ್ನು ಚಹಾ ಕಳುಹಿಸಿ ತೀರಿಸುವ ಒಪ್ಪಂದವನ್ನು 2021ರ ಡಿಸೆಂಬರಿನಲ್ಲಿ ಮಾಡಿಕೊಂಡರು. ಅದೇ ವರ್ಷ ಅವರ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಥಟ್ಟನೆ ನಿಷೇಧಿಸಿ ತೋಟಗಳನ್ನು ಸೊರಗಿಸಿದ್ದರಿಂದ, ಅವರಲ್ಲಿ ದೊರೆಯದ ಆರ್ಥೊಡಾಕ್ಸ್ ಚಹಾಕ್ಕಾಗಿ ಮರುವರ್ಷ ಹಲವು ದೇಶಗಳು ನಮ್ಮತ್ತ ತಿರುಗಿದವು. ನೆರೆಯವನ ಕಷ್ಟದಿಂದ ಒದಗಿದ ಗಿರಾಕಿಯನ್ನು ನಮ್ಮ ಗುಣದಿಂದ ಒದಗಿದವನೆಂದು ಭ್ರಮಿಸಬಾರದು.

ಇನ್ನು ನೀರಿನ ಮಾತು. ಹಿಂದೆ ಬ್ರಿಟನ್ನಿನ ದೊಡ್ಡ ವರ್ತಕರು ಒಂದೊಂದು ಊರಿನ ನೀರನ್ನು ತರಿಸಿ, ಆ ನೀರಿನಲ್ಲಿ ಕುದಿಸಿ ನೋಡಿ, ಅದಕ್ಕೆ ಹೊಂದುವ ಮಿಶ್ರಣವನ್ನು ಆ ಊರಿಗೆ ಕಳುಹಿಸುತ್ತಿದ್ದರು. ಸುಣ್ಣದ ಅಂಶ ಹೆಚ್ಚಾಗಿರುವ ಗಡುಸು ನೀರಿನಲ್ಲಿ ಸೂಕ್ಷ್ಮ ಪರಿಮಳದ ಚಹಾ ಮಂಕಾಗುವುದು, ಮೇಲೆ ತೆಳ್ಳನೆಯ ಕೆನೆಯಂತಹ ಪೊರೆ ಕಟ್ಟುವುದು. ಒಗರು ಬಲವಾಗಿರುವ ಚಹಾ ಮಾತ್ರ ತಲೆಯೆತ್ತಿ ನಿಲ್ಲುವುದು. ನಮ್ಮ ದೋಆಬದ ಬೋರಿನ ಸವುಳು ನೀರನ್ನು ಕುಡಿದು ಬೆಳೆದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಬೋರಿನ ನೀರಿನಿಂದ ಮಾಡಿದ ಚಹಾಕ್ಕೂ ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಸಿಹಿನೀರಿನಿಂದ ಮಾಡಿದ ಚಹಾಕ್ಕೂ ಇರುವ ಅಂತರವನ್ನು ಇಲ್ಲಿಯ ಅಂಗಡಿಯವರು ಚೆನ್ನಾಗಿ ಬಲ್ಲರು. ಪುಡಿಯ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುವರು. ಯಾರೂ ಕಲಿಸದೆ, ಲಂಡನ್ನಿನ ಮಿಶ್ರಣಗಾರನ ಶಾಸ್ತ್ರವನ್ನೇ ಅವರು ದಿನವೂ ಆಚರಿಸುತ್ತಿದ್ದಾರೆ. ದಕ್ಷಿಣದ ಹರಾಜುಗಳಲ್ಲಿ ಕೆಂಪು ಡಸ್ಟಿಗೆ ಬೇಡಿಕೆ ಏಕಿದೆಯೆಂದು ಕೇಳುವವರಿಗೆ ಇಂತಹ ನೀರೂ ಒಂದು ಉತ್ತರ.

ಅಂಗಡಿಯ ಕಡಕ್ ಚಹಾವನ್ನು ಬಿಡಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಐದರಲ್ಲಿ ನಾಲ್ಕು ಪಾಲು ಕುಡಿಯುವ ಜನ ತಾವು ಕುಡಿಯುವುದು ಯಾವ ಬೆಟ್ಟದ್ದೆಂದು ಒಮ್ಮೆಯೂ ವಿಚಾರಿಸದಿದ್ದರೆ, ಹೊರದೇಶದ ವರ್ತಕನು ವಿಚಾರಿಸಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಡಿಸೆಂಬರಿನಿಂದ ಫೆಬ್ರವರಿಯ ತನಕ ನೀಲಗಿರಿಯ ಮೇಲ್ಗಡೆಯ ತೋಟಗಳಲ್ಲಿ ರಾತ್ರಿ ಹಿಮ ಬೀಳುವುದು; ಆ ಚಳಿಗೆ ಕುಡಿಗಳು ನಿಧಾನವಾಗಿ ಬೆಳೆದು ಪರಿಮಳವನ್ನು ಒಳಗೆ ಕೂಡಿಸಿಕೊಳ್ಳುವುವು. ಆ ಕಾಲದ ಆರ್ಥೊಡಾಕ್ಸ್ ಚಹಾದ ವರ್ಣ ಹೊಂಬಣ್ಣ. ಪರಿಮಳದಲ್ಲಿ ಹೂವಿನ ಛಾಯೆ. ತಣಿದರೂ ಬೇಗನೆ ಕದಡದ ಗುಣ ಅದಕ್ಕೆ ವಿಶೇಷವಾದುದು. ನೂರು ಗ್ರಾಂ ಸಾಕು. ಬೋರಿನ ನೀರನ್ನು ಬಿಟ್ಟು ಸಿಹಿನೀರನ್ನು ತಂದು, ನೂರು ಮಿಲಿ ನೀರಿಗೆ ಎರಡು ಗ್ರಾಮಿನಂತೆ ಎಲೆಯನ್ನು ಹಾಕಿ, ಆಗತಾನೇ ಮರಳಿದ ನೀರನ್ನು ಮೇಲಿನಿಂದ ಸುರಿದು, ಮುಚ್ಚಿ, ನಾಲ್ಕರಿಂದ ಐದು ನಿಮಿಷ ಬಿಡಿರಿ. ಒಲೆಯ ಮೇಲಿಟ್ಟು ಕುದಿಸಬೇಡಿರಿ. ಮೊದಲ ಬಟ್ಟಲನ್ನು ಹಾಲೂ ಸಕ್ಕರೆಯೂ ಇಲ್ಲದೆಯೇ ಕುಡಿಯಿರಿ. ರಾಯಚೂರಿನ ಪೇಟೆಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ತೋಟದ ಅಥವಾ ಸಹಕಾರಿ ಕಾರ್ಖಾನೆಯ ಹೆಸರಿದೆಯೇ, ಕೊಯ್ಲಿನ ತಿಂಗಳಿದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಅಂಗಡಿಯವರಿಗೆ ಹೇಳಿ, ಇರುವಂಥದನ್ನೇ ತರಿಸಿಕೊಳ್ಳಿರಿ.